ಎಡಗಡೆಯ ಪಟ್ಟಿ

ಒಂದೇ ಸ್ಕೂಲ್ ಬ್ಯಾಗು ಒಂದೂವರೆ ತಿಂಗಳಲ್ಲಿ ಮೂರನೇ ಸಲ ನನ್ನ ಅಂಗಡಿಗೆ ವಾಪಸು ಬಂದಾಗ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮೂರು ಸಲವೂ ಒಂದೇ ಜಾಗ. ಬಲಗಡೆಯ ಪಟ್ಟಿ, ಮೇಲೆ ಬ್ಯಾಗಿಗೆ ಸೇರುವ ಬುಡದಲ್ಲೇ ಕಿತ್ತು ಬಂದಿತ್ತು.

ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಯಾಗು, ಸೂಟ್‌ಕೇಸು, ವ್ಯಾನಿಟಿ ಬ್ಯಾಗುಗಳ ರಿಪೇರಿ ಮಾಡುತ್ತೇನೆ. ಜಿಪ್ ಹಾಕುವುದು, ರನ್ನರ್ ಬದಲಿಸುವುದು, ಕಿತ್ತುಹೋದ ಹಿಡಿ ಹೊಲಿಯುವುದು, ಹದಿನೇಳು ವರ್ಷದಿಂದ ಇದೇ ಕೆಲಸ. ಜೂನ್ ಬಂತೆಂದರೆ ಕೋಣೆ ತುಂಬ ಸ್ಕೂಲ್ ಬ್ಯಾಗುಗಳು. ನಾನು ಹೊಲಿದದ್ದು ಬಿಟ್ಟುಕೊಂಡಿತು ಎಂದು ಅದುವರೆಗೆ ಯಾರೂ ಹೇಳಿದ್ದಿಲ್ಲ. ಅದೊಂದು ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ಬ್ಯಾಗು ತಂದವರು ಪಕ್ಕದ ರಸ್ತೆಯ ಹೆಂಗಸು. ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಖಾಲಿ ಬ್ಯಾಗು ಕೊಟ್ಟು, ಸಂಜೆ ತೆಗೆದುಕೊಂಡು ಹೋಗುವುದು ಅವರ ರೂಢಿ. ಆವತ್ತು ಬ್ಯಾಗನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಹಿಂಜರಿಯುತ್ತಲೇ ಹೇಳಿದರು:

"ಅಕ್ಕ, ಬೇಜಾರ್ ಮಾಡ್ಕೋಬೇಡಿ. ಯಾಕೋ ನಿಮ್ ಹೊಲಿಗೆ ನಿಲ್ತಾ ಇಲ್ಲ."

ನಾನು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಹೊಲಿಗೆ ಹಾಕಿದ ಹಾಗೇ ಇತ್ತು. ನೈಲಾನ್ ದಾರದ ಎರಡು ಸಾಲು, ನಡುವೆ ಅಡ್ಡಡ್ಡ ಹಾಕಿದ ಗುಣಾಕಾರದ ಗುರುತು, ಯಾವುದೂ ಬಿಟ್ಟಿರಲಿಲ್ಲ. ಹರಿದಿದ್ದದ್ದು ಅದರ ಸುತ್ತಲಿನ ಬಟ್ಟೆ. ಯಾರೋ ಎರಡು ಕೈಯಲ್ಲಿ ಹಿಡಿದು ಎಳೆದ ಹಾಗೆ ನೂಲು ನೂಲಾಗಿ ಬಿಚ್ಚಿಕೊಂಡಿತ್ತು.

"ಇದ್ರಲ್ಲಿ ಮಗು ಏನು ಹೊರುತ್ತೆ?" ಎಂದು ಕೇಳಿದೆ.

"ಪುಸ್ತಕ ಕಣಕ್ಕ, ಇನ್ನೇನು?"

"ಸದ್ಯಕ್ಕೆ ಒಂದು ತೇಪೆ ಹಾಕಿ ಕೊಡ್ತೀನಿ. ಶನಿವಾರ ಮಗುನೇ ಕರ್ಕೊಂಡು ಬನ್ನಿ. ಬ್ಯಾಗ್ ಮಾತ್ರ ಖಾಲಿ ಮಾಡ್ಬೇಡಿ. ಸ್ಕೂಲಿಂದ ಹೆಂಗೆ ಬರುತ್ತೋ ಹಂಗೇ ಬರ್ಲಿ."

ಶನಿವಾರ ಅವರಿಗೆ ಅರ್ಧ ದಿನ ರಜೆ ಸಿಕ್ಕಿತ್ತು. ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಬಂದರು. ಹುಡುಗಿ ಆರನೇ ಕ್ಲಾಸು. ಕಡ್ಡಿಯಂಥ ಕೈಕಾಲು, ಎರಡು ಜಡೆ ಮಡಿಸಿ ಕಟ್ಟಿದ ಕೆಂಪು ರಿಬ್ಬನ್ನು, ಮುಖದ ತುಂಬ ಕಣ್ಣು. ಬ್ಯಾಗು ಬಲ ಹೆಗಲಿನಿಂದ ಜೋತಾಡುತ್ತಿತ್ತು. ಅವಳು ಬಗ್ಗಿ ಅದನ್ನು ಮೇಜಿನ ಮೇಲೆ ಜಾರಿಸಿದಾಗ ಮೇಜಿನ ಮೇಲಿದ್ದ ನನ್ನ ಕತ್ತರಿ ಕುಣಿಯಿತು. ನಾನು ಎಂದಿನಂತೆ ಒಂದೇ ಕೈಯಲ್ಲಿ ಎತ್ತಲು ಹೋದೆ. ಏಳಲಿಲ್ಲ. ದಿನಾ ಸೂಟ್‌ಕೇಸು ಎತ್ತಿಡುವ ಕೈ ನನ್ನದು. ಎರಡನೇ ಕೈ ಸೇರಿಸಬೇಕಾಯಿತು.

"ಏನಮ್ಮ ಇದು, ಒಳಗೆ ರುಬ್ಬೋ ಗುಂಡು ಇಟ್ಕೊಂಡಿದೀಯ?"

ಹುಡುಗಿ ನಕ್ಕಳು. ನಾನು ಒಂದೊಂದಾಗಿ ಹೊರಗೆ ತೆಗೆಯತೊಡಗಿದೆ. ಆರು ವಿಷಯದ ಪಠ್ಯಪುಸ್ತಕ. ಒಂದೊಂದು ವಿಷಯಕ್ಕೂ ಕ್ಲಾಸ್ ವರ್ಕಿಗೆ ಒಂದು, ಹೋಮ್ ವರ್ಕಿಗೆ ಒಂದು, ಎಲ್ಲ ಇನ್ನೂರು ಪುಟದ ನೋಟ್ ಬುಕ್ಕು. ದಪ್ಪ ರಟ್ಟಿನ ಅಟ್ಲಾಸು, ವ್ಯಾಕರಣದ ಪುಸ್ತಕ, ಡ್ರಾಯಿಂಗ್ ಬುಕ್ಕು, ಎರಡು ಜಾಮಿಟ್ರಿ ಬಾಕ್ಸು, ಮೂರು ಅಂತಸ್ತಿನ ಸ್ಟೀಲಿನ ಟಿಫನ್ ಕ್ಯಾರಿಯರು, ದೊಡ್ಡ ಸ್ಟೀಲಿನ ನೀರಿನ ಬಾಟಲಿ, ಅದರಲ್ಲಿ ಇನ್ನೂ ಅರ್ಧ ನೀರು. ಮೇಜು ಸಾಲದೆ ಮಷಿನ್ನಿನ ಮೇಲೂ ಜೋಡಿಸಬೇಕಾಯಿತು. ತಾಯಿ ಬಾಯಿ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು.

"ಇವತ್ತು ಶನಿವಾರ, ಅರ್ಧ ದಿನ ಸ್ಕೂಲು. ಇಷ್ಟೂ ಯಾಕೆ ತಗೊಂಡು ಹೋಗಿದ್ಯೇ?" ಎಂದು ಮಗಳನ್ನು ಕೇಳಿದರು.

"ಎಲ್ಲ ಹಾಕ್ಕೊಂಡಿದ್ರೆ ಯಾವ್ದೂ ಮರೆಯಲ್ಲಮ್ಮ," ಎಂದಳು ಅವಳು, ಬಹಳ ಸುಲಭದ ಮಾತು ಎನ್ನುವಂತೆ.

ಇಷ್ಟು ಹೊತ್ತೂ ಬಾಗಿಲ ಹೊರಗೆ ಜಗಲಿಯ ಮೇಲೆ ನಮ್ಮಪ್ಪ ಕೂತಿದ್ದರು. ಅಪ್ಪ ವಯಸ್ಸಿನಲ್ಲಿ ಟಾಂಗಾ ಓಡಿಸುತ್ತಿದ್ದವರು. ದೊಡ್ಡ ಗಡಿಯಾರದ ಹತ್ತಿರದ ಸ್ಟ್ಯಾಂಡಿನಲ್ಲಿ ನಲವತ್ತು ವರ್ಷ ನಿಂತವರು. ಮಂಡಿ ಹೋದ ಮೇಲೆ ಕುದುರೆ, ಗಾಡಿ ಎರಡನ್ನೂ ಮಾರಿ ನನ್ನ ಮನೆಗೆ ಬಂದರು. ಬಂದ ಮೇಲೆ ಮಾತು ಕಡಿಮೆ. ಜಗಲಿಯಲ್ಲಿ ಕೂತು ಹೋಗುವವರು ಬರುವವರನ್ನು ನೋಡುವುದು, ಊಟಕ್ಕೆ ಕರೆದರೆ ಎದ್ದು ಬರುವುದು, ಅಷ್ಟೆ. ಆವತ್ತು ಅವರೇ ಒಳಗೆ ಕತ್ತು ಹಾಕಿ ಕರೆದರು.

"ಮಗಳೇ, ಆ ಮಗೀಗೆ ಅದನ್ನೆಲ್ಲ ವಾಪಸ್ ತುಂಬಿಸಿ ಹೊರಿಸು. ಈ ಬೀದಿ ಕೊನೇವರ್ಗೂ ನಡ್ಕೊಂಡು ಓಗಿ ಬರ್ಲಿ."

"ಯಾಕಪ್ಪ?"

"ಬರೋವಾಗ ನೋಡ್ಬುಟ್ಟೆ. ಎಡಕ್ಕೆ ವಾಲ್ಕೊಂಡು ಬತ್ತಿತ್ತು ಮಗ. ಒಂದು ಕಡೆ ಭಾರ ಬಿದ್ರೆ ಕುದುರೆನೂ ಅಂಗೇ ನಡೆಯೋದು. ಎರಡೂ ಪಟ್ಟಿ ಹಾಕ್ಕೊಳೋಕೇಳು, ನೋಡಾನ."

ಹುಡುಗಿಗೆ ಇದೊಂದು ಆಟ. ಎಲ್ಲ ತುಂಬಿಕೊಂಡು, ಎರಡೂ ಹೆಗಲಿಗೆ ಪಟ್ಟಿ ಏರಿಸಿ ಹೊರಟಳು. ನಾವು ಮೂವರೂ ಜಗಲಿಯಲ್ಲಿ ನಿಂತು ನೋಡಿದೆವು. ಹತ್ತು ಹೆಜ್ಜೆ ಚೆನ್ನಾಗೇ ನಡೆದಳು. ಹನ್ನೊಂದನೆಯದಕ್ಕೆ ಬ್ಯಾಗಿನ ಎಡಭಾಗ ಸರ್ರನೆ ಕೆಳಗಿಳಿಯಿತು. ಅವಳು ತಿರುಗಿ ನೋಡದೆ, ಅಭ್ಯಾಸದ ಕೈಯಿಂದ ಎಡಪಟ್ಟಿಯನ್ನು ಎಳೆದು ಬಿಗಿ ಮಾಡಿಕೊಂಡಳು. ಮತ್ತೆ ಹತ್ತು ಹೆಜ್ಜೆ, ಮತ್ತೆ ಸರ್ರನೆ ಜಾರಿತು. ಮೂರನೇ ಸಲ ಜಾರಿದಾಗ ತೋಳನ್ನು ಪಟ್ಟಿಯಿಂದ ಬಿಡಿಸಿಕೊಂಡು ಬ್ಯಾಗನ್ನು ಬಲ ಹೆಗಲಿಗೆ ಎಸೆದುಕೊಂಡು ನಡೆದಳು.

ನಾನು ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿಗೆ ಓಡಿದೆ. ಅವಳನ್ನು ಅಲ್ಲೇ ನಿಲ್ಲಿಸಿ ಎಡಗಡೆಯ ಪಟ್ಟಿ ಹಿಡಿದು ನೋಡಿದೆ. ಪಟ್ಟಿಯನ್ನು ಉದ್ದ ಗಿಡ್ಡ ಮಾಡುವ ಪ್ಲಾಸ್ಟಿಕ್ ಬಕಲ್ ಇರುತ್ತದಲ್ಲ, ಅದರ ಹಲ್ಲು ಪೂರ್ತಿ ಸವೆದು ನುಣ್ಣಗಾಗಿತ್ತು. ಪಟ್ಟಿಯನ್ನು ಹಿಡಿದುಕೊಳ್ಳುವ ಶಕ್ತಿಯೇ ಅದಕ್ಕಿರಲಿಲ್ಲ. ಎಡಗಡೆ ನಿಲ್ಲುವುದಿಲ್ಲ ಎಂದು ಹುಡುಗಿ ಎಲ್ಲ ಭಾರವನ್ನೂ ಬಲಗಡೆ ಹೊರುತ್ತಿದ್ದಳು. ಅದಕ್ಕೇ ಬಲಗಡೆಯ ಬುಡ ಹರಿಯುತ್ತಿತ್ತು. ಮೂರು ಸಲ ಈ ಬ್ಯಾಗು ನನ್ನ ಕೈಗೆ ಬಂದಿತ್ತು. ಮೂರು ಸಲವೂ ನಾನು ಹರಿದ ಪಟ್ಟಿಯನ್ನೇ ನೋಡಿದೆ, ಅದನ್ನೇ ಹೊಲಿದೆ. ಹರಿಯದೆ ನೆಟ್ಟಗಿದ್ದ ಪಟ್ಟಿಯನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ. ನನ್ನ ಡಬ್ಬಿಯಲ್ಲಿ ಅಂಥ ಬಕಲ್‌ಗಳು ಒಂದು ಹಿಡಿ ಬಿದ್ದಿದ್ದವು!

ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಗಿಂತ ಹೆಚ್ಚಾಗಿ ಕಳೆದುಹೋದ ಬೀಗದ ಕೈ ಸಿಕ್ಕಿದಂಥ ಖುಷಿ. "ಸಿಕ್ತು! ಸಿಕ್ತು ಕಣ್ರೀ!" ಎಂದು ಬೀದಿಯಲ್ಲೇ ಕೂಗಿದೆ. ಎದುರು ಮನೆಯವರು ಏನು ಸಿಕ್ಕಿತೋ ಎಂದು ಕಿಟಕಿ ತೆಗೆದರು.

ಒಳಗೆ ಬಂದ ಮೇಲೆ ಅಪ್ಪ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಕೇಳಿದರು: "ಎಲ್ಲಿ ನೋಯುತ್ತವ್ವ ನಿಂಗೆ?"

ಅವಳು ಅಮ್ಮನ ಮುಖ ನೋಡಿದಳು. ಆಮೇಲೆ ಕತ್ತಿನ ಬಲಗಡೆ, ಹೆಗಲು ಸೇರುವಲ್ಲಿ ಬೆರಳಿಟ್ಟಳು. "ಇಲ್ಲಿ ತಾತ. ಬೆಳಿಗ್ಗೆ ಎದ್ದಾಗ ಈ ಕಡೆ ತಿರುಗ್ಸೋಕಾಗಲ್ಲ."

"ಎಷ್ಟು ದಿನದಿಂದನೇ?" ತಾಯಿಯ ದನಿ ಏರಿತು. "ನಂಗೆ ಯಾಕೆ ಹೇಳ್ಲಿಲ್ಲ?"

"ನೀನೇ ದಿನಾ ಕಾಲು ನೋವು ಅಂತ ಮುಲಾಮು ಹಚ್ಕೋತೀಯಲ್ಲ. ಅದ್ರಲ್ಲೇ ನಾನೂ ಸ್ವಲ್ಪ ಹಚ್ಕೋತಿದ್ದೆ."

ತಾಯಿ ಮಗಳ ರಿಬ್ಬನ್ನನ್ನು ಸರಿಮಾಡುವ ನೆಪದಲ್ಲಿ ಅವಳ ಕತ್ತನ್ನು ಸವರಿದರು. ಸೋಮವಾರವೇ ಡಾಕ್ಟರಿಗೆ ತೋರಿಸುತ್ತೇನೆ ಎಂದರು. ನಾನು ಬ್ಯಾಗು ನನ್ನ ಹತ್ತಿರವೇ ಇರಲಿ ಎಂದೆ. ಸೋಮವಾರ ಬೆಳಿಗ್ಗೆಯೊಳಗೆ ಇದನ್ನು ಹೊಸದು ಮಾಡಿ ಕೊಡುತ್ತೇನೆ, ನನ್ನ ತಪ್ಪಿಗೆ ನಾನೇ ಮಾಡುವ ಕೆಲಸ ಇದು, ಇದರಲ್ಲಿ ಎರಡು ಮಾತಿಲ್ಲ ಎಂದೆ.

ಭಾನುವಾರದಷ್ಟು ಸಡಗರದ ದಿನ ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಕಾಫಿ ಕುಡಿದವಳೇ ಬ್ಯಾಗಿನ ಹೊಲಿಗೆಗಳನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಿದೆ. ಅಪ್ಪ ಜಗಲಿ ಬಿಟ್ಟು ಒಳಗೆ ಬಂದರು. ಸ್ಟೂಲು ಎಳೆದುಕೊಂಡು ನನ್ನ ಎದುರಿಗೇ ಕೂತರು.

"ಪಟ್ಟಿ ಅಗಲ ಮಾಡು," ಎಂದರು. "ಸಣ್ಣ ಪಟ್ಟಿ ಹಗ್ಗ ಇದ್ದಂಗೆ, ಕೊಯ್ದು ಬುಡುತ್ತೆ. ನನ್ನ ಕೆಂಚ್ ಕುದುರೆಗೆ ಎದೆ ಪಟ್ಟಿ ನಾಲ್ಕು ಬೆಟ್ಟು ಅಗಲ ಇತ್ತು. ಒಂದ್ ದಿನ ಗಾಯ ಆಗಿದ್ದಿಲ್ಲ."

"ಭಾರ ಎಲ್ಲಿರ್ಬೇಕಪ್ಪ? ಮೇಲೋ, ಕೆಳಗೋ?"

"ಮೈಗೆ ಅಂಟ್ಕೊಂಡಿರ್ಬೇಕು. ಟಾಂಗಾದಾಗೆ ಜನ ಎಲ್ಲ ಹಿಂದೆ ಕೂತ್ರೆ ಏನಾಯ್ತಿತ್ತು? ಗಾಡಿ ಮೂತಿ ಮೇಲಕ್ಕೆ ಎದ್ದು, ಹೊಟ್ಟೆ ಪಟ್ಟಿ ಕುದುರೇನ ಎತ್ತಿ ಬುಡದು. ಅದಕ್ಕೇ ನಾನು 'ಸ್ವಾಮಿ, ಒಸಿ ಮುಂದಕ್ಕೆ ಬನ್ನಿ' ಅಂತಿದ್ದಿದ್ದು. ಈ ಮಗೀನೂ ಹಿಂದಕ್ಕೆ ಎಳೆಯುತ್ತೆ ಅಂತ ಮುಂದಕ್ಕೆ ಬಗ್ಗಿ ನಡೆಯುತ್ತೆ. ಕತ್ತು ನೋಯದೆ ಇನ್ನೇನಾದದು?"

ಅಪ್ಪ ಒಟ್ಟಿಗೆ ಅಷ್ಟು ಮಾತಾಡಿದ್ದು ಕೇಳಿ ಎಷ್ಟು ಕಾಲವಾಗಿತ್ತೋ! ನಾನು ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ಅವರ ಮುಖ ನೋಡುತ್ತ ಕೂತುಬಿಟ್ಟೆ. "ಏನು ನೋಡ್ತೀಯ, ಕತ್ತರಿಸು," ಎಂದು ಗದರಿದರು.

ಉತ್ಸಾಹ ಹೆಚ್ಚಾದರೆ ಕೈ ಮಾತು ಕೇಳುವುದಿಲ್ಲ. ಮೊದಲ ಸಲ ನಾನು ಎಲ್ಲವನ್ನೂ ಅತಿ ಮಾಡಿದೆ. ಪಟ್ಟಿಗೆ ಎರಡು ಪದರ ದಪ್ಪ ಸ್ಪಂಜು, ಬೆನ್ನಿಗೆ ಮೂರು ಪದರ, ಸೊಂಟಕ್ಕೆ ಬೆಲ್ಟು, ಎದೆಗೆ ಇನ್ನೊಂದು ಬೆಲ್ಟು, ತಳಕ್ಕೆ ರೆಕ್ಸಿನ್ನು. ಹನ್ನೆರಡು ಗಂಟೆಗೆ ಹೊಲಿದು ಮುಗಿಸಿ, ಅದರೊಳಗೆ ಅಕ್ಕಿ ಪ್ಯಾಕೆಟ್ಟುಗಳನ್ನು ತುಂಬಿ ನನ್ನ ಬೆನ್ನಿಗೇ ಹಾಕಿಕೊಂಡೆ. ಪಟ್ಟಿಗಳನ್ನು ಪೂರ್ತಿ ಸಡಿಲಿಸಿದರೂ ಸೀರೆ ಸೆರಗಿನ ಮೇಲೆ ಬಿಗಿಯಾಗಿ ಕೂತಿತು. ಹಾಗೇ ಬೀದಿಗಿಳಿದು ನಡೆದೆ. ಅಪ್ಪ ಕೋಲೂರಿಕೊಂಡು ಹಿಂದೆಯೇ ಬರುತ್ತ "ಬೆನ್ನು ಸೆಟೆಸಬೇಡ", "ಇನ್ನೊಸಿ ಮೇಲಕ್ಕೆ ಎಳ್ಕೋ", "ಅಂಗೇ ನಡಿ" ಎಂದು ಹೇಳುತ್ತಿದ್ದರು. ಸೊಪ್ಪಿನ ಗಾಡಿಯ ಹೆಂಗಸು ತಕ್ಕಡಿ ಹಿಡಿದು ನಿಂತೇಬಿಟ್ಟಳು.

"ಏನ್ ತಾಯಿ, ಈ ವಯಸ್ಸಲ್ಲಿ ಸ್ಕೂಲಿಗೆ ಸೇರ್ಕೊಂಡ್ರಾ?"

"ಹೂಂ ಕಣಮ್ಮ, ಆರನೇ ಕ್ಲಾಸು!" ಎಂದೆ. ಅವಳು ಕೊತ್ತಂಬರಿ ಕಟ್ಟು ಬೀಳಿಸಿಕೊಂಡು ನಕ್ಕಳು.

ನಾಲ್ಕು ಗಂಟೆಗೆ ಹುಡುಗಿ ಬಂದಳು. ನಾನು ಹೆಮ್ಮೆಯಿಂದ ಬ್ಯಾಗು ಹಾಕಿಸಿದೆ, ಎರಡೂ ಬೆಲ್ಟು ಕಟ್ಟಿದೆ. ಅವಳು ನಮ್ಮ ಬೀರುವಿನ ಕನ್ನಡಿಯ ಮುಂದೆ ನಿಂತು ಆ ಕಡೆ ಈ ಕಡೆ ತಿರುಗಿದಳು. ಮುಖ ಸಪ್ಪಗಾಯಿತು.

"ಆಂಟಿ, ವಿಮಾನದಿಂದ ಹಾರೋರ ಥರ ಇದೆ. ಎಲ್ರೂ ನಗ್ತಾರೆ." ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದಳು. "ಸೆಖೆ ಬೇರೆ ಆಗುತ್ತೆ. ಮತ್ತೆ... ಖಾಲಿ ಇದ್ರೂ ಭಾರ ಇದೆ."

ಮೂರು ಮನೆ ಆಚೆ ಹಳೇ ಪೇಪರ್ ಕೊಳ್ಳುವವರ ಅಂಗಡಿ. ಅವರ ಕೊಕ್ಕೆ ತಕ್ಕಡಿಯನ್ನು ಇಸಿದುಕೊಂಡು ಬಂದು ಖಾಲಿ ಬ್ಯಾಗನ್ನು ತೂಗಿದೆ. ಹುಡುಗಿ ಹೇಳಿದ್ದು ನಿಜ. ಭಾರ ಇಳಿಸಲು ಹೊರಟು ನಾನೇ ಭಾರ ಹೊಲಿದಿದ್ದೆ. ಅಪ್ಪ ನೆತ್ತಿ ಕೆರೆದುಕೊಂಡು, "ಮಗಾ ಸರಿಯಾಗೇ ಏಳ್ತು," ಎಂದರು.

ಬಿಚ್ಚಿದೆ. ಆ ಸಲ ಹುಡುಗಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಹೂಂ ಅಂದರೆ ಮಾತ್ರ ಹೊಲಿಗೆ. ರೆಕ್ಸಿನ್ ಹೋಯಿತು, ಸೊಂಟದ ಬೆಲ್ಟು ಹೋಯಿತು, ಬೆನ್ನಿಗೆ ಒಂದೇ ತೆಳು ಪದರ ಉಳಿಯಿತು. ಪಟ್ಟಿ ಅಗಲವಾಗಿ ಉಳಿಯಿತು. ಎರಡು ಕಡೆಗೂ ಹಲ್ಲು ಗಟ್ಟಿಯಿರುವ ಹೊಸ ಬಕಲ್. ಒಳಗೆ, ಬೆನ್ನಿಗೆ ತಾಗುವ ಕಡೆ, ದಪ್ಪ ಪುಸ್ತಕಗಳಿಗೆಂದೇ ಒಂದು ಅರೆ ಮಾಡಿದೆ. ಸಣ್ಣಪುಟ್ಟದ್ದು ಹೊರಗಡೆಗೆ. ಎದೆಯ ಬೆಲ್ಟು ಬೇಕೋ ಬೇಡವೋ ಎಂದು ಬಹಳ ಚರ್ಚೆಯಾಯಿತು. ಕೊನೆಗೆ ಅದನ್ನು ಬೇಕಾದಾಗ ಹಾಕಿ, ಬೇಡವಾದಾಗ ಒಳಗೆ ಮಡಿಸಿಡುವ ಹಾಗೆ ಟಿಚ್ ಬಟನ್ ಹಾಕಿದೆ. ಬ್ಯಾಗಿನ ತಳ ಸೊಂಟದಿಂದ ಕೆಳಗೆ ಇಳಿಯಬಾರದು ಎಂದು ಅಪ್ಪನ ಆಜ್ಞೆ. ಪಟ್ಟಿ ಎಲ್ಲಿಗೆ ಬರಬೇಕೋ ಅಲ್ಲಿ ಬಿಳಿ ದಾರದಲ್ಲಿ ಒಂದು ಗುರುತು ಹಾಕಿಕೊಟ್ಟೆ.

ಎಲ್ಲ ತುಂಬಿಸಿ, ಎರಡೂ ಹೆಗಲಿಗೆ ಹಾಕಿ ಕಳಿಸಿದೆವು. ಬೀದಿಯ ಕೊನೆಯವರೆಗೆ ಹೋದಳು. ಜಾರಲಿಲ್ಲ. ತಿರುಗಿ ಬಂದಳು. ಜಾರಲಿಲ್ಲ! ನಾನು ಚಪ್ಪಾಳೆ ಹೊಡೆದೆ. ಎದುರು ಮನೆಯ ಕಿಟಕಿಯಿಂದಲೂ ಚಪ್ಪಾಳೆ ಕೇಳಿಸಿತು. ಬೆಳಗಿನಿಂದ ಅವರು ನಮ್ಮನ್ನೇ ನೋಡುತ್ತಿದ್ದರು ಎಂದು ಆಗ ಗೊತ್ತಾಯಿತು.

ಸೋಮವಾರ ಡಾಕ್ಟರು ನೋಡಿ, ಮೂಳೆಗೆ ಏನೂ ಆಗಿಲ್ಲ, ಸ್ನಾಯು ದಣಿದಿದೆ ಅಷ್ಟೆ, ಬೇಗ ಬಂದಿರಿ ಎಂದರಂತೆ. ಬಿಸಿನೀರಿನ ಶಾಖ, ಎರಡು ಮೂರು ಸಣ್ಣ ವ್ಯಾಯಾಮ. ಬ್ಯಾಗನ್ನು ಎರಡೂ ಹೆಗಲಿಗೆ ಹಾಕಬೇಕು, ಸೊಂಟ ಬಗ್ಗಿಸಿ ಎತ್ತದೆ ಮಂಡಿ ಮಡಿಸಿ ಎತ್ತಬೇಕು. ಮತ್ತು ಮಗುವಿನ ತೂಕದ ಹತ್ತರಲ್ಲೊಂದು ಪಾಲಿಗಿಂತ ಬ್ಯಾಗು ಹೆಚ್ಚು ತೂಗಬಾರದು. ತಾಯಿ ಸಂಜೆ ಬಂದು ಇದನ್ನೆಲ್ಲ ಒಪ್ಪಿಸಿದರು. ಕೊಕ್ಕೆ ತಕ್ಕಡಿ ಇನ್ನೂ ನಮ್ಮಲ್ಲೇ ಇತ್ತು. ತುಂಬಿದ ಬ್ಯಾಗನ್ನು ನೇತುಹಾಕಿದೆವು. ಹುಡುಗಿಯ ತೂಕದ ಹತ್ತನೇ ಪಾಲಿನ ಎರಡರಷ್ಟನ್ನೂ ಮೀರಿತ್ತು ಅದು.

ಅಂದರೆ ನನ್ನ ಹೊಲಿಗೆಯಿಂದ ಅರ್ಧ ಕೆಲಸ ಆಗಿತ್ತು. ಇನ್ನರ್ಧ ಬ್ಯಾಗಿನ ಒಳಗಿತ್ತು.

"ಟೈಮ್ ಟೇಬಲ್ ನೋಡಿ ಹಾಕ್ಕೊಂಡು ಹೋಗೇ ಅಂದ್ರೆ ಅಳ್ತಾಳೆ ಅಕ್ಕ," ಎಂದರು ತಾಯಿ. "ಒಂದ್ಸಲ ಅಟ್ಲಾಸ್ ಮರೆತು ಹೋಗಿದ್ಲಂತೆ, ಮಿಸ್ಸು ಪೀರಿಯಡ್ ಪೂರ್ತಿ ನಿಲ್ಲಿಸಿದ್ರಂತೆ. ಅವತ್ತಿಂದ ಹಿಂಗೆ. ನಾನು ಹೋಗಿ ಮಾತಾಡೋಣ ಅಂದ್ರೆ, ಏನ್ ಅಂದ್ಕೋತಾರೋ ಅಂತ ಭಯ."

"ನಾನೂ ಬರ್ತೀನಿ ನಡೀರಿ," ಎಂದುಬಿಟ್ಟೆ. ಹೇಳಿದ ಮೇಲೆ ನನಗೂ ಸ್ವಲ್ಪ ಭಯವಾಯಿತು. ನಾನು ಸ್ಕೂಲಿನ ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾಗಿತ್ತು. ಬುಧವಾರ ತಾಯಿಗೆ ಬಟ್ಟೆ ಅಂಗಡಿಯ ವಾರದ ರಜೆ. ಒಳ್ಳೆಯ ಸೀರೆ ಉಟ್ಟು, ತಕ್ಕಡಿಯನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಅವರ ಜೊತೆ ಹೊರಟೆ.

ಟೀಚರು ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದರು. ಮೂವತ್ತು ದಾಟಿದ ವಯಸ್ಸು, ದಣಿದ ಮುಖ. ತಾಯಿ ಬಾಗಿಲ ಹತ್ತಿರವೇ ನಿಂತುಬಿಟ್ಟರು. ನಾನೇ ಶುರು ಮಾಡಿದೆ. ದೂರು ಹೇಳಲು ಬಂದಿಲ್ಲ ಮೇಡಂ, ನಾನು ಬ್ಯಾಗು ಹೊಲಿಯುವವಳು ಎಂದು ಹೇಳಿ, ಬಲಪಟ್ಟಿ ಮೂರು ಸಲ ಹರಿದದ್ದು, ಎಡಪಟ್ಟಿ ಜಾರುತ್ತಿದ್ದದ್ದು, ಕತ್ತು ನೋವು, ಮುಲಾಮು, ಅಟ್ಲಾಸು, ಒಂದೂ ಬಿಡದೆ ಹೇಳಿ, ಚೀಲದಿಂದ ತಕ್ಕಡಿ ತೆಗೆದು ತೋರಿಸಿದೆ. ಅವರು ಕೆಂಪು ಪೆನ್ನು ಕೆಳಗಿಟ್ಟರು.

"ಅಟ್ಲಾಸ್ ವಿಷ್ಯಕ್ಕೆ ನಾನು ನಿಲ್ಲಿಸಿದ್ದು ಒಂದೇ ಒಂದು ಸಲ. ಅದೂ ಹತ್ತು ಹದಿನೈದು ಜನ ತಂದಿರ್ಲಿಲ್ಲ ಅಂತ. ನನಗೆ ನೆನಪೂ ಇರ್ಲಿಲ್ಲ," ಎಂದರು. "ಅದಕ್ಕೆ ಅವತ್ತಿಂದ ದಿನಾ ಹೊರ್ತಾ ಇದ್ದಾಳಾ?"

"ಹೊರ್ತಾ ಇದ್ದಾಳೆ ಮೇಡಂ."

ಅವರು ಎದ್ದು, "ಆ ತಕ್ಕಡಿ ತಂದಿದೀರಲ್ಲ, ಬನ್ನಿ," ಎಂದರು.

ಕ್ಲಾಸಿಗೆ ಹೋದೆವು. ಆಮೇಲೆ ನಡೆದದ್ದು ಗದ್ದಲ ಎಂದರೆ ಗದ್ದಲ! ನಾವು ಸಾಲು ನಿಲ್ಲಿಸಿದ್ದೇ ತಪ್ಪಾಯಿತೇನೋ, ನನ್ನದು ಮೊದಲು ನನ್ನದು ಮೊದಲು ಎಂದು ಮಕ್ಕಳು ತಕ್ಕಡಿಯ ಮೇಲೆ ಮುಗಿಬಿದ್ದರು. ಟೀಚರು ಬೋರ್ಡಿನ ಮೇಲೆ ತೂಕ ಬರೆಯುತ್ತ ಹೋದರು. ಹೆಚ್ಚು ತೂಗಿದವರು ಗೆದ್ದವರೆಂದು ಮಕ್ಕಳು ತಿಳಿದುಕೊಂಡು ಕೇಕೆ ಹಾಕಿದರು. "ಅಲ್ಲ, ಕಡಿಮೆ ಇದ್ದೋರು ಗೆದ್ದಂಗೆ," ಎಂದು ಟೀಚರು ಹೇಳಿದ್ದೇ ತಡ, ಇಡೀ ಕ್ಲಾಸು ನೆಲದ ಮೇಲೆ ಕೂತು ಬ್ಯಾಗು ಸುರಿಯತೊಡಗಿತು. ಏನೇನು ಹೊರಬಂತು! ಹೋದ ವರ್ಷದ ಡೈರಿ, ಎರಡು ಕ್ರಿಕೆಟ್ ಬಾಲು, ತಂಗಿಯ ಚಪ್ಪಲಿ ಒಂದು ಕಾಲಿನದು, ಹೊಳೆಯ ಹತ್ತಿರ ಆರಿಸಿದ ಕಲ್ಲುಗಳು, ಒಣಗಿ ಕಲ್ಲಾದ ಚಪಾತಿ. ನಮ್ಮ ಹುಡುಗಿ ಅಟ್ಲಾಸನ್ನು ಕೈಯಲ್ಲಿ ಹಿಡಿದು ಟೀಚರ ಮುಖವನ್ನೇ ನೋಡುತ್ತಿದ್ದಳು. ಅವರು ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಕ್ಲಾಸಿನ ಬೀರುವಿನ ಬಾಗಿಲು ತೆಗೆದು ಮೇಲಿನ ಅರೆಯಲ್ಲಿಟ್ಟರು.

"ಎಲ್ರೂ ಅಟ್ಲಾಸ್ ಇಲ್ಲೇ ಇಡಿ. ಬೇಕಾದ ದಿನ ನಾನೇ ಕೊಡ್ತೀನಿ. ಮರೆತೋಗೋ ಪ್ರಶ್ನೆನೇ ಇಲ್ಲ."

ಆವತ್ತೇ ಇನ್ನೂ ಒಂದೆರಡು ತೀರ್ಮಾನ ಆದವು. ವ್ಯಾಕರಣ ಪುಸ್ತಕ ಬೆಂಚಿಗೆ ಎರಡು ಸಾಕು. ಇನ್ನೂರು ಪುಟದ ಬದಲು ನೂರು ಪುಟದ ನೋಟ್ ಬುಕ್ಕು, ಕ್ಲಾಸ್ ವರ್ಕಿನವು ಬೀರುವಿನಲ್ಲೇ ಇರಲಿ. ಸ್ಕೂಲಿನಲ್ಲಿ ಫಿಲ್ಟರ್ ನೀರಿದೆ, ಬಾಟಲಿಯನ್ನು ಮನೆಯಿಂದ ತುಂಬಿಕೊಂಡು ಬರುವುದು ಬೇಡ. ಇದಕ್ಕೆಲ್ಲ ಹೆಡ್‌ಮಾಸ್ಟರು ತಕ್ಷಣ ಒಪ್ಪಿದರು ಎಂದೇನೂ ಹೇಳಲಾರೆ. ಬೀರುವಿನ ಬೀಗದ ಕೈ ಯಾರ ಹತ್ತಿರ ಇರಬೇಕು ಎಂದೇ ಒಂದು ವಾರ ಹೋಯಿತಂತೆ. ಕೆಲವು ತಂದೆ ತಾಯಿಯರು, ನೋಟ್ಸೆಲ್ಲ ಸ್ಕೂಲಲ್ಲಿ ಬಿಟ್ಟರೆ ಮನೆಯಲ್ಲಿ ಓದುವುದೇನು ಎಂದು ಜಗಳ ತೆಗೆದರು. ಅವರ ಮಾತಲ್ಲೂ ಸತ್ಯವಿತ್ತು. ಪರೀಕ್ಷೆ ಹತ್ತಿರ ಬಂದಾಗ ಬ್ಯಾಗು ಮತ್ತೆ ದಪ್ಪಗಾಗುತ್ತದೆ. ಈಗಲೂ ಆಗುತ್ತದೆ. ಆದರೆ ದಿನಾ ಅಲ್ಲ.

ಆ ಬುಧವಾರ ನಾನು ಹೊರಡುವಾಗ ಟೀಚರು ತಮ್ಮ ಹೆಗಲಿಗೆ ಏರಿಸಿಕೊಂಡ ಬ್ಯಾಗಿನ ಮೇಲೆ ನನ್ನ ಕಣ್ಣು ಬಿತ್ತು. ಒಂದೇ ಪಟ್ಟಿ, ದಾರದಷ್ಟು ಕಿರಿದು, ಒಳಗೆ ನಾಲ್ಕು ಕ್ಲಾಸಿನ ಉತ್ತರ ಪತ್ರಿಕೆ. ಕೇಳಲೋ ಬೇಡವೋ ಎಂದು ತೊದಲಿದೆ. ಅವರೇ ಅರ್ಥ ಮಾಡಿಕೊಂಡು ಜೋರಾಗಿ ನಕ್ಕರು. "ನನಗೂ ಇಲ್ಲೇ ನೋಯುತ್ತೆ," ಎಂದು ಕತ್ತಿನ ಬಲಗಡೆ ತೋರಿಸಿದರು. ಮುಂದಿನ ವಾರ ಅವರ ಬ್ಯಾಗೂ ನನ್ನ ಮೇಜಿನ ಮೇಲಿತ್ತು.

ಅಲ್ಲಿಂದ ಮುಂದೆ ನಮ್ಮ ಜಗಲಿಗೆ ಬಿಡುವಿಲ್ಲ. ಶನಿವಾರ ಮಧ್ಯಾಹ್ನವಾದರೆ ಐದಾರು ಮಕ್ಕಳು ಬ್ಯಾಗಿನ ಜೊತೆ ಹಾಜರು. ರಾಜೀವನಗರದಿಂದ ಒಬ್ಬರು ಅವಳಿ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಅಪ್ಪ ಒಬ್ಬೊಬ್ಬರನ್ನೇ ಬೀದಿಯಲ್ಲಿ ನಡೆಸುತ್ತಾರೆ. "ತಾತ, ನಾನು ಹೆಂಗೆ ನಡೀತೀನಿ ಹೇಳಿ" ಎಂದು ಮಕ್ಕಳು ದುಂಬಾಲು ಬೀಳುತ್ತಾರೆ. ಅಪ್ಪ ಗಂಭೀರವಾಗಿ, "ನೀನು ಪರ್ವಾಗಿಲ್ಲ, ನಿಂಗೆ ಪಟ್ಟಿ ಉದ್ದ ಆಯ್ತು, ನೀನು ಬಾಟ್ಲಿ ಒಂದು ಕಡೆ ಇಟ್ಟಿದೀಯ," ಎಂದು ತೀರ್ಪು ಕೊಡುತ್ತಾರೆ. ನಾನು ಯಾವ ಬ್ಯಾಗು ಕೈಗೆ ಬಂದರೂ ಹರಿದ ಕಡೆ ಆಮೇಲೆ ನೋಡುತ್ತೇನೆ. ಮೊದಲು ಇನ್ನೊಂದು ಕಡೆಗೆ ಕೈ ಹೋಗುತ್ತದೆ.

ಹುಡುಗಿಯ ಕತ್ತು ನೋವು ಒಂದೇ ದಿನದಲ್ಲಿ ಹೋಗಲಿಲ್ಲ. ಮೂರ್ನಾಲ್ಕು ವಾರ ಹಿಡಿಯಿತು. ದಿನಾ ಶಾಖ ಕೊಟ್ಟು, ವ್ಯಾಯಾಮ ಮಾಡಿಸಿ ತಾಯಿ ಬಿಡದೆ ನೋಡಿಕೊಂಡರು. ದಸರಾ ರಜೆ ಮುಗಿಯುವ ಹೊತ್ತಿಗೆ ಅವಳು ಎರಡೂ ಕಡೆ ಸಲೀಸಾಗಿ ಕತ್ತು ತಿರುಗಿಸುತ್ತಿದ್ದಳು. ರಜೆ ಕಳೆದು ಸ್ಕೂಲು ಶುರುವಾದ ಕೆಲವು ದಿನಕ್ಕೆ ಒಂದು ಸಂಜೆ ಓಡಿಬಂದು, ಏದುಸಿರು ಬಿಡುತ್ತ, "ಆಂಟಿ, ಖೋ ಖೋ ಟೀಮಿಗೆ ಸೇರಿಸ್ಕೊಂಡ್ರು! ಶುಕ್ರವಾರ ಮ್ಯಾಚು, ನೀವೂ ತಾತನೂ ಬರ್ಲೇಬೇಕು," ಎಂದಳು.

ಶುಕ್ರವಾರ ಅಂಗಡಿಗೆ ಬೀಗ ಹಾಕಿ, ಆಟೋದಲ್ಲಿ ಅಪ್ಪನನ್ನು ಕೂರಿಸಿಕೊಂಡು ಮೈದಾನಕ್ಕೆ ಹೋದೆ. ತಾಯಿ ಒಂದು ಗಂಟೆ ಪರ್ಮಿಷನ್ ತೆಗೆದುಕೊಂಡು ಕೆಲಸದಿಂದ ನೇರವಾಗಿ ಬಂದಿದ್ದರು. ಬೇಲಿಯ ಹತ್ತಿರ ಮೂವರೂ ನಿಂತೆವು. ಬಿಸಿಲಿಗೆ ಮೈದಾನದ ಮಣ್ಣು ಕೆಂಪಗೆ ಹೊಳೆಯುತ್ತಿತ್ತು. ಅವಳ ಸರದಿ ಬಂದಾಗ ಎದುರು ತಂಡದ ಎತ್ತರದ ಹುಡುಗಿಯೊಬ್ಬಳು ಅಟ್ಟಿಸಿಕೊಂಡು ಬಂದಳು. ನಮ್ಮವಳು ಸಾಲಿನ ಎಡಕ್ಕೆ ಬಾಗಿ, ಬಲಕ್ಕೆ ನುಣುಚಿ, ಕಂಬ ಹಿಡಿದು ಗಿರ್ರನೆ ತಿರುಗಿದಳು. ಮುಟ್ಟಲು ಬಂದ ಕೈ ಗಾಳಿಯಲ್ಲೇ ಉಳಿಯಿತು. ತಾಯಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಓಡೇ! ಓಡೇ ನನ್ನವ್ವ!" ಎಂದು ಕಿರುಚುತ್ತಿದ್ದರು. ಅಪ್ಪ ಕೋಲು ಎತ್ತಿ ಬೀಸುತ್ತಿದ್ದರು. ಸೀಟಿ ಊದುವವರೆಗೂ ಅವಳು ಸಿಕ್ಕಲಿಲ್ಲ.

ಅವರ ತಂಡ ಎರಡು ಪಾಯಿಂಟಿನಿಂದ ಸೋತಿತು. ಹುಡುಗಿಗೆ ಅದರ ಪರಿವೆಯೇ ಇರಲಿಲ್ಲ. ಮಂಡಿಯವರೆಗೆ ಮಣ್ಣು ಮೆತ್ತಿಕೊಂಡು ಬೇಲಿಯತ್ತ ಓಡಿಬಂದು, "ನೋಡಿದ್ರಾ? ನನ್ನ ಯಾರೂ ಮುಟ್ಟೋಕಾಗ್ಲಿಲ್ಲ!" ಎಂದಳು. ನೋಡಿದೆವು ಎಂದು ಹೇಳಲು ಬಾಯಿ ತೆಗೆದೆ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿಹೋಗಿತ್ತು.